ಒಂದೇ ಮನೆಯ ಎರಡು ಕೊರಳು

0.6 ಸೆಕೆಂಡು! ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಒಂದು ಎಂಜಿನ್ನು ನಿಂತಲ್ಲೇ ಗುರುಗುಟ್ಟುತ್ತಿದ್ದದ್ದು ನಿಮಿಷಕ್ಕೆ 9,000 ಸುತ್ತಿಗೆ ಏರಿಬಿಡುತ್ತದೆ. ಆ ಏರಿಕೆಯನ್ನು ತೋರಿಸಲು ಡಯಲಿನಲ್ಲಿಟ್ಟ ಮುಳ್ಳು ಅದರ ಹಿಂದೆ ಓಡಲಾರದೆ ಸೋತಿತು. ಕೊನೆಗೆ ಎಂಜಿನಿಯರುಗಳು ಆ ಮುಳ್ಳನ್ನೇ ಕಿತ್ತುಹಾಕಿ, ಪರದೆಯ ಮೇಲೆ ಮೂಡುವ ಚಿತ್ರದ ಮುಳ್ಳನ್ನು ಕೂರಿಸಿದರು. ಲೆಕ್ಸಸ್ ಎಲ್‌ಎಫ್‌ಎ ಎಂಬ ಜಪಾನೀ ಸ್ಪೋರ್ಟ್ಸ್ ಕಾರಿನ ಮಾತು ಇದು. ಇಂದು ಜಗತ್ತಿನಲ್ಲಿ ಕಾರು ಕೂಡಿಡುವವರು ಯಾವ ಕಾರಿನ ಮರುಮಾರಾಟದ ಬೆಲೆಯನ್ನು ಬೆರಗಿನಿಂದ ನೋಡುತ್ತಿದ್ದಾರೋ ಅಂಥವುಗಳ ಮೊದಲ ಸಾಲಿನಲ್ಲಿ ಇದು ನಿಂತಿದೆ.

ಆ ಬೆಲೆಯ ಜಾಡು ಹಿಡಿದು ಓದುತ್ತ ಹೋದಾಗ ಸಿಕ್ಕಿದ ಒಂದು ಸಂಗತಿ ನನ್ನನ್ನು ಕೂತಲ್ಲಿಂದ ಎಬ್ಬಿಸಿತು. ಆ ಎಂಜಿನ್ನನ್ನು ಲೆಕ್ಸಸ್ಸಿನ ಒಡೆಯ ಟೊಯೋಟಾ ಒಂಟಿಯಾಗಿ ಮಾಡಿದ್ದಲ್ಲ, ಜೊತೆಗಿದ್ದದ್ದು ಯಮಹಾ. ಯಮಹಾ! ಸೇಲಂ ಜಿಲ್ಲೆಯ ನಮ್ಮ ಕೊಳತ್ತೂರಿನಲ್ಲಿ ಆ ಹೆಸರೆತ್ತಿದರೆ ಕಣ್ಣ ಮುಂದೆ ಬಂದು ನಿಲ್ಲುವುದು ಒಂದೇ ಗಾಡಿ, ಆರ್‌ಎಕ್ಸ್ 100. ಮೆಟ್ಟೂರಿನಿಂದ ಬರುವ ರಸ್ತೆ ನಮ್ಮೂರನ್ನು ದಾಟಿ, ಗೋವಿಂದಪಾಡಿ ಹಾದು, ಪಾಲಾರಿನಲ್ಲಿ ರಾಜ್ಯದ ಗಡಿ ದಾಟಿ ಕರ್ನಾಟಕಕ್ಕೆ ಕಾಲಿಟ್ಟು, ಮಲೆ ಮಹದೇಶ್ವರ ಬೆಟ್ಟದ ಘಾಟಿ ಹತ್ತುತ್ತದೆ. ಅಮಾವಾಸ್ಯೆಗೆ ಮಾದಪ್ಪನ ದರ್ಶನಕ್ಕೆ ಹೊರಟ ಬೈಕುಗಳ ಸಾಲಿನಲ್ಲಿ ಒಂದೇ ಒಂದು ಆರ್‌ಎಕ್ಸ್ ಇದ್ದರೂ ಸಾಕು, ಮನೆಯೊಳಗೆ ಕೂತವರಿಗೂ ಅದು ಹೋದದ್ದು ಗೊತ್ತಾಗುತ್ತದೆ. ಹತ್ತಾರು ಗಾಡಿಗಳ ನಡುವೆ ಅದರ ಕೊರಳು ಬೇರೆ. ಬೆಟ್ಟದ ಬುಡದಲ್ಲಿ ಕೂತ ನಮಗೆ ದಶಕಗಳಿಂದ ಗೊತ್ತಿರುವ ಆ ಕೊರಳೂ, ಕೋಟಿಗಟ್ಟಲೆ ಬಾಳುವ ಆ ಹತ್ತು ಸಿಲಿಂಡರಿನ ಕೊರಳೂ ಒಂದೇ ಮನೆಯಲ್ಲಿ ಹುಟ್ಟಿದವು! ಇದನ್ನು ತಿಳಿದ ಮೇಲೆ ಎರಡರ ಮಾರುಕಟ್ಟೆಯನ್ನೂ ಅಕ್ಕಪಕ್ಕ ಇಟ್ಟು ನೋಡದೆ ಇರಲಾಗಲಿಲ್ಲ. ನೋಡಿದಷ್ಟೂ ಹೋಲಿಕೆ ಬಿಚ್ಚಿಕೊಳ್ಳುತ್ತ ಹೋಯಿತು.

ಮೊದಲು ಕಾರನ್ನೇ ನೋಡೋಣ. ಸರಿಸುಮಾರು 2000ದಲ್ಲಿ ಕೆಲಸ ಶುರು. ಮುಖ್ಯ ಎಂಜಿನಿಯರ್ ಹರುಹಿಕೊ ತನಹಾಶಿ. ಅಲ್ಯೂಮಿನಿಯಂ ಮೈಯಿಟ್ಟು ವರ್ಷಗಟ್ಟಲೆ ದುಡಿದ ಮೇಲೆ, ಇನ್ನೇನು ರೂಪ ನಿಂತಿತು ಎನ್ನುವಾಗ, ಅದನ್ನು ಬಿಟ್ಟು ಕಾರ್ಬನ್ ನಾರಿನ ಮೈ ಮಾಡೋಣವೆಂದು ತೀರ್ಮಾನಿಸಿದರು! ತೂಕದಲ್ಲಿ ಸುಮಾರು 100 ಕಿಲೋ ಉಳಿಯುತ್ತದೆ ಎಂಬ ಒಂದೇ ಆಸೆಗೆ ಹಳೆಯ ಶ್ರಮವನ್ನೆಲ್ಲ ಪಕ್ಕಕ್ಕಿಟ್ಟರು. 2009ರ ಟೋಕಿಯೋ ಮೋಟಾರ್ ಷೋನಲ್ಲಿ ಕಾರು ಜನರೆದುರು ಬಂತು. 2010ರ ಡಿಸೆಂಬರಿನಿಂದ 2012ರ ಡಿಸೆಂಬರಿನವರೆಗೆ, ಮೊಟೊಮಚಿ ಕಾರ್ಖಾನೆಯಲ್ಲಿ, ತಿಂಗಳಿಗೆ ಇಪ್ಪತ್ತರಂತೆ ಒಟ್ಟು 500 ಕಾರು. 501ನೆಯದು ಇಲ್ಲ. ಪ್ರತಿ ಎಂಜಿನ್ನನ್ನೂ ಕೈಯಲ್ಲೇ ಜೋಡಿಸಿದರು, ಜೋಡಿಸಿದವರ ಸಹಿ ಎಂಜಿನ್ನಿನ ಮೇಲೆ ಕೂತಿತು. 4.8 ಲೀಟರಿನ ವಿ10 ಎಂಜಿನ್, 552 ಅಶ್ವಶಕ್ತಿ, ಗಂಟೆಗೆ 325 ಕಿಲೋಮೀಟರ್ ವೇಗ. ಈ ಕಾರನ್ನು ಪಳಗಿಸಿದ ಹಿರಿಯ ಪರೀಕ್ಷಾ ಚಾಲಕ ಹಿರೊಮು ನರುಸೆ 2010ರ ಜೂನಿನಲ್ಲಿ, ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಬಳಿ, ಇದೇ ಕಾರಿನ ಒಂದು ಮಾದರಿಯಲ್ಲಿ ಹೋಗುತ್ತಿದ್ದಾಗ ಅಪಘಾತದಲ್ಲಿ ತೀರಿಕೊಂಡರು. ತಯಾರಿಕೆ ಆರಂಭವಾಗುವುದನ್ನು ಅವರು ನೋಡಲೇ ಇಲ್ಲ.

ಬೆಲೆ? ಅಮೆರಿಕದಲ್ಲಿ 3,75,000 ಡಾಲರ್. ಆಗಿನ ವಿನಿಮಯ ದರದಲ್ಲಿ ಸುಮಾರು ಒಂದೂಮುಕ್ಕಾಲು ಕೋಟಿ ರೂಪಾಯಿ. ಕೊಂಡವರು ಮರುದಿನವೇ ಲಾಭಕ್ಕೆ ಮಾರಿಬಿಟ್ಟಾರು ಎಂದು ಕಂಪನಿಗೆ ಎಷ್ಟು ಭಯವಿತ್ತೆಂದರೆ, ಅಮೆರಿಕದಲ್ಲಿ ಮೊದಮೊದಲು ಕಾರನ್ನು ನೇರವಾಗಿ ಮಾರದೆ ಎರಡು ವರ್ಷದ ಲೀಸಿಗೆ ಕೊಡುವ ಏರ್ಪಾಟು ಮಾಡಿತು. ಮರುಮಾರಾಟವನ್ನು ತಡೆಯಲೆಂದೇ ಕಟ್ಟಿದ ಬೇಲಿ ಅದು!

ಮುಂದೆ ನಡೆದದ್ದು ಮಾತ್ರ ತಿರುವುಮುರುವು. ಜನ ಮುಗಿಬೀಳಲಿಲ್ಲ. ಲೆಕ್ಸಸ್ ಎಂದರೆ ಸದ್ದಿಲ್ಲದೆ ಸಾಗುವ ಶ್ರೀಮಂತರ ಕಾರು ಎಂದೇ ಅಮೆರಿಕದವರು ನಂಬಿದ್ದರು. ಅದೇ ದುಡ್ಡಿಗೆ ಫೆರಾರಿ ಸಿಗುವಾಗ ಇದೇಕೆ ಎಂದರು. ಗೇರುಪೆಟ್ಟಿಗೆ ಒಂದೇ ಕ್ಲಚ್ಚಿನದು, ಗೇರು ಬದಲಾಗುವಾಗ ಎದೆಗೆ ಗುದ್ದಿದಂತಾಗುತ್ತದೆ ಎಂದು ಓಡಿಸಿ ನೋಡಿದ ಪತ್ರಕರ್ತರು ಬರೆದರು. ತಯಾರಿಕೆ ನಿಂತು ಐದು ವರ್ಷವಾದ ಮೇಲೆ, 2017ರಲ್ಲಿ, ಅಮೆರಿಕದ ಷೋರೂಮುಗಳಲ್ಲಿ ಇನ್ನೂ ಹನ್ನೆರಡು ಎಲ್‌ಎಫ್‌ಎಗಳು ಮಾರಾಟವಾಗದೆ ಹೊಸದಾಗಿಯೇ ನಿಂತಿದ್ದವು! ಆ ಹೊತ್ತಿನಲ್ಲಿ ಅವುಗಳಲ್ಲಿ ಒಂದನ್ನು ಕೊಂಡವರ ಅದೃಷ್ಟವನ್ನು ನೆನೆದರೆ ನಿದ್ದೆ ಬರುವುದಿಲ್ಲ. ಈಗ ಸಾಧಾರಣ ಎಲ್‌ಎಫ್‌ಎ ಕೂಡ ಹರಾಜಿನಲ್ಲಿ ಮೂಲ ಬೆಲೆಯ ಎರಡು ಪಟ್ಟನ್ನು ಮೀರುತ್ತದೆ. ನ್ಯೂರ್ಬರ್ಗ್‌ರಿಂಗ್ ಹೆಸರಿನ ವಿಶೇಷ ಮಾದರಿಯಂತೂ ಹತ್ತು ಲಕ್ಷ ಡಾಲರಿನ ಗೆರೆಯನ್ನು ದಾಟಿ ಹೋಗಿದೆ.

ಮಾರಾಟವಾಗದೆ ನಿಂತ ಕಾರೇ ಮುಂದೆ ಚಿನ್ನವಾಗುವುದು ಇದೇ ಮೊದಲಲ್ಲ. ಬ್ರಿಟನ್ನಿನ ಮೆಕ್‌ಲಾರೆನ್ ಎಫ್1 ಕಾರನ್ನು 300 ಮಾಡಬೇಕೆಂದು ಹೊರಟರು, ಕೊಳ್ಳುವವರಿಲ್ಲದೆ 106ಕ್ಕೆ ನಿಲ್ಲಿಸಿದರು. 2021ರ ಆಗಸ್ಟಿನಲ್ಲಿ, ಹೆಚ್ಚು ಓಡಿರದ ಒಂದು ಎಫ್1 ಅಮೆರಿಕದ ಪೆಬಲ್ ಬೀಚ್ ಹರಾಜಿನಲ್ಲಿ ಎರಡು ಕೋಟಿ ಡಾಲರಿಗೂ ಹೆಚ್ಚಿಗೆ ಹೋಯಿತು. ಸೋತ ಕಾರೆಲ್ಲ ಗೆಲ್ಲುತ್ತದೆ ಎಂದಲ್ಲ, ಸೋತು ಗುಜರಿಗೆ ಹೋದವು ಲೆಕ್ಕವಿಲ್ಲದಷ್ಟಿವೆ. ಆದರೆ ಮಾಡಿದವರು ಖರ್ಚಿನ ಲೆಕ್ಕ ಮರೆತು ಮಾಡಿದ್ದು, ಕೊಳ್ಳುವವರು ಹಿಂಜರಿದದ್ದು, ಎಣಿಕೆ ಚಿಕ್ಕದಾಗಿ ಉಳಿದದ್ದು, ಮತ್ತೆ ಅಂಥದನ್ನು ಯಾರೂ ಮಾಡದೆ ಹೋದದ್ದು ಇಷ್ಟೂ ಒಂದೇ ಕಾರಿನಲ್ಲಿ ಸೇರಿದರೆ ಕಾಲ ಅದರ ಪರವಾಗಿ ಕೆಲಸ ಮಾಡತೊಡಗುತ್ತದೆ.

ಎಲ್‌ಎಫ್‌ಎಯಲ್ಲಿ ಇದಿಷ್ಟೂ ಇದೆ. ಜೊತೆಗೆ ಇನ್ನೊಂದಿದೆ, ಅದನ್ನು ಸೇಲಂ ಜಿಲ್ಲೆಯವರು ಓದಿದರೆ ಮೈ ಜುಮ್ಮೆನ್ನಬೇಕು. ಆ ಕಾರಿನ ಮುಂಗಾಜಿನ ಎರಡು ಬದಿಯ ಕಂಬಗಳನ್ನೂ ಚಾವಣಿಯ ಅಂಚನ್ನೂ ಮಗ್ಗದಲ್ಲಿ ನೇಯ್ದರು! ಅಕ್ಷರಶಃ ಮಗ್ಗ. ವೃತ್ತಾಕಾರದ ದೊಡ್ಡ ಮಗ್ಗ, ಸುತ್ತಲಿಂದಲೂ ಕಾರ್ಬನ್ ನೂಲು ಬಂದು ನಡುವಿನ ಅಚ್ಚಿನ ಮೇಲೆ ಹೆಣೆದುಕೊಳ್ಳುತ್ತದೆ, ನೂಲು ತಪ್ಪಿತೇ ಎಂದು ಲೇಸರ್ ಕಣ್ಣು ಕಾಯುತ್ತದೆ. ಕಾರು ಕಂಪನಿಗೆ ಮಗ್ಗದ ಗೊಡವೆ ಏಕೆ ಎಂದರೆ, ಟೊಯೋಟಾ ಹುಟ್ಟಿದ್ದೇ ಮಗ್ಗದ ಮನೆಯಲ್ಲಿ. ಸಾಕಿಚಿ ಟೊಯೋಡಾ 1924ರಲ್ಲಿ ಸ್ವಯಂಚಾಲಿತ ಮಗ್ಗವೊಂದನ್ನು ಪೂರ್ಣಗೊಳಿಸಿದರು. ಅದರ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಒಂದು ಲಕ್ಷ ಪೌಂಡಿಗೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಮಗ ಕೀಚಿರೊ ಅದೇ ಮಗ್ಗದ ಮನೆಯೊಳಗೆ ಕಾರಿನ ಪ್ರಯೋಗಕ್ಕೆ ಇಳಿದರು, 1937ರಲ್ಲಿ ಟೊಯೋಟಾ ಮೋಟಾರ್ ಹುಟ್ಟಿತು. ಸೇಲಂ ಸುತ್ತ ಕನ್ನಡ ಮನೆಮಾತಿನ ದೇವಾಂಗ ನೇಕಾರರ ಬೀದಿಗಳಿವೆ. ತಲೆಮಾರುಗಳಿಂದ ಮಗ್ಗದ ಸದ್ದಿನಲ್ಲೇ ಬೆಳಗು ಕಂಡವರು. ಅವರ ಕಸುಬಿಗೂ ಕೋಟಿ ಬೆಲೆಯ ಆ ಕಾರಿನ ಮೈಗೂ ನಡುವೆ ಇರುವುದು ಕಾಲದ ಅಂತರವಷ್ಟೇ, ಮೂಲ ಒಂದೇ. ಹಾಸು ಇರಲಿ, ಹೆಣಿಗೆ ಇರಲಿ, ನೂಲಿನ ಎಳೆ ಸಡಿಲವಾಗದ ಹಾಗೆ ಹಿಡಿಯುವ ಜಾಣ್ಮೆಯೇ ಅಲ್ಲವೇ!

ಟೊಯೋಟಾ ಮನೆತನ ಕರ್ನಾಟಕದ ಹೊಸ್ತಿಲು ದಾಟಿದ್ದೂ ಕಾರಿನಿಂದಲ್ಲ. ಬೆಂಗಳೂರಿನ ಹೊರಗೆ ಜಿಗಣಿಯಲ್ಲಿ ಕಿರ್ಲೋಸ್ಕರ್ ಜೊತೆ ಸೇರಿ ಜವಳಿ ಯಂತ್ರಗಳ ಕಂಪನಿ ತೆರೆದದ್ದು 1995ರಲ್ಲಿ. ಕಾರಿನ ಕಂಪನಿ 1997ರಲ್ಲಿ, ಬಿಡದಿಯಲ್ಲಿ. ಜಪಾನಿನಲ್ಲಿ ನಡೆದ ಕ್ರಮವೇ ನಮ್ಮ ನೆಲದಲ್ಲೂ ನಡೆಯಿತು, ಮೊದಲು ನೂಲು, ಆಮೇಲೆ ಚಕ್ರ. ಅದೇ ಬಿಡದಿಯಲ್ಲಿ 2020ರಿಂದ ಲೆಕ್ಸಸ್ ಹೆಸರಿನ ಕಾರೂ ಜೋಡಣೆಯಾಗುತ್ತಿದೆ. ಅದು ಇಎಸ್ ಎಂಬ ಕುಟುಂಬದ ಕಾರು, ಎಲ್‌ಎಫ್‌ಎ ಅಲ್ಲ. ಆದರೂ ಮೈಸೂರು ರಸ್ತೆಯಲ್ಲಿ ಹೋಗುವಾಗ ಬಿಡದಿಯ ಗೇಟು ಕಂಡರೆ ನನಗೆ ಈಗ ಮಗ್ಗವೇ ನೆನಪಾಗುತ್ತದೆ.

ಇನ್ನು ಯಮಹಾ ಮನೆಗೆ ಬರೋಣ. 1887ರಲ್ಲಿ ತೊರಕುಸು ಯಮಹಾ ಎಂಬ ಕುಶಲಕರ್ಮಿ ಕೆಟ್ಟುಹೋದ ಒಂದು ರೀಡ್ ಆರ್ಗನ್ನನ್ನು ರಿಪೇರಿ ಮಾಡಲು ಹೋಗಿ, ತಾನೇ ಅಂಥದೊಂದನ್ನು ಕಟ್ಟಿದರು. ವಾದ್ಯಗಳ ಕಂಪನಿ ಅಲ್ಲಿಂದ ಬೆಳೆಯಿತು. ಇಂದಿಗೂ ಯಮಹಾ ಬೈಕಿನ ಟ್ಯಾಂಕಿನ ಮೇಲಿನ ಲಾಂಛನ ನೋಡಿ, ಮೂರು ಶ್ರುತಿಕವೆಗಳು ಒಂದನ್ನೊಂದು ಹಾಯ್ದಿವೆ! ಶ್ರುತಿ ನೋಡಿಕೊಳ್ಳಲು ಬಡಿಯುವ ಆ ಉಕ್ಕಿನ ಕವೆಗಳನ್ನು ನಾವು ವರ್ಷಾನುಗಟ್ಟಲೆ ನೋಡಿದ್ದೇವೆ, ಏನೆಂದು ಕೇಳಿಕೊಂಡಿಲ್ಲ. ಬೈಕುಗಳ ಕಂಪನಿ ಬೇರೆಯಾಗಿ ನಿಂತದ್ದು 1955ರಲ್ಲಿ. ಎಲ್‌ಎಫ್‌ಎ ಮಾಡುವಾಗ ಟೊಯೋಟಾದವರು ಎಂಜಿನ್ನಿಗೆ ಯಮಹಾ ಬೈಕಿನ ಮನೆಯ ನೆರವು ಪಡೆದರು. ಸದ್ದಿಗೆ? ಯಮಹಾ ವಾದ್ಯದ ಮನೆಯ ಕಿವಿಯನ್ನೇ ಕರೆಸಿದರು! ಎಂಜಿನ್ನಿಗೆ ಗಾಳಿ ಸೇರುವ ಪೆಟ್ಟಿಗೆಯನ್ನು ವೀಣೆಯ ಬುರುಡೆಯಂತೆ ಅನುರಣಿಸುವ ಹಾಗೆ ರೂಪಿಸಿದರು. ಅಲ್ಲಿಂದ ಚಾಲಕನ ಕಿವಿಯವರೆಗೆ ಸದ್ದು ಹರಿಯಲು ಕೊಳವೆ ಇಟ್ಟರು. ಸ್ಪೀಕರಿನಿಂದ ಬರುವ ನಕಲಿ ಸದ್ದಲ್ಲ, ಸಾಕ್ಷಾತ್ ಎಂಜಿನ್ನಿನ ಉಸಿರು. ಇಂದು ಎಲ್‌ಎಫ್‌ಎ ಕೊಳ್ಳುವವರು ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಆ ನಾದಕ್ಕೆ ಎಂದೇ ನನಗನಿಸುತ್ತದೆ. ವೇಗದಲ್ಲಿ ಅದನ್ನು ಮೀರಿಸಿದ ಕಾರುಗಳು ಆಗಲೂ ಇದ್ದವು, ಈಗ ವಿದ್ಯುತ್ ಕಾರುಗಳು ಸಲೀಸಾಗಿ ಮೀರಿಸುತ್ತವೆ. ನಾದದಲ್ಲಿ ಮೀರಿಸಿದ್ದು ಕಾಣೆ.

ಈ ಎರಡು ಮನೆಗಳ ಸ್ನೇಹ ಹಳೆಯದು, ಮುಂದಿನ ಬೆಲೆಯ ಸುಳಿವು ಇರುವುದೂ ಅಲ್ಲೇ. 1967ರಿಂದ 1970ರವರೆಗೆ ಟೊಯೋಟಾ 2000ಜಿಟಿ ಎಂಬ ಕಾರು ಬಂತು. ಅದನ್ನೂ ಯಮಹಾ ಜೊತೆ ಸೇರಿಯೇ ಮಾಡಿದ್ದು. ಒಳಗಿನ ಮರಗೆಲಸಕ್ಕೆ ಪಿಯಾನೋ ಮಾಡುವ ಮನೆಯ ಕೈಚಳಕ ಬಂದಿತ್ತು! ಒಟ್ಟು ತಯಾರಾದದ್ದು 351. ಆಗಲೂ ದುಬಾರಿ ಎಂದು ಜನ ಮುಖ ತಿರುಗಿಸಿದರು. ದಶಕಗಳು ಕಳೆದವು. 2013ರಲ್ಲಿ ಒಂದು 2000ಜಿಟಿ ಹರಾಜಿನಲ್ಲಿ 11 ಲಕ್ಷ 55 ಸಾವಿರ ಡಾಲರಿಗೆ ಹೋಗಿ, ಜಪಾನೀ ಕಾರೂ ಈ ಎತ್ತರಕ್ಕೆ ಏರಬಲ್ಲುದು ಎಂದು ತೋರಿಸಿತು. 2022ರಲ್ಲಿ, ಅಮೆರಿಕದ ಹೆಸರಾಂತ ಕ್ಯಾರಲ್ ಶೆಲ್ಬಿ ತಂಡ ರೇಸಿಗೆ ಓಡಿಸಿದ್ದ ಇನ್ನೊಂದು 2000ಜಿಟಿ 25 ಲಕ್ಷ ಡಾಲರನ್ನು ದಾಟಿತು. ಒಂದೇ ಜೋಡಿಯ ಕೈಕೆಲಸ, ಎಣಿಕೆ ಚಿಕ್ಕದು, ಮೊದಲು ನಿರಾಕರಣೆ, ಆಮೇಲೆ ಹರಾಜಿನ ಕೋಲಾಹಲ. ಹಳೆಯ ಕಾರಿಗೆ ನಲವತ್ತು ವರ್ಷ ಹಿಡಿದ ದಾರಿಯನ್ನು ಎಲ್‌ಎಫ್‌ಎ ಹತ್ತೇ ವರ್ಷದಲ್ಲಿ ಓಡಿಬಿಟ್ಟಿದೆ!

ಈಗ ಕೇಳಿ ನಮ್ಮ ಆರ್‌ಎಕ್ಸ್ ಮಾತು. 1985ರ ಕೊನೆಯಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಹಾ ಸಹಯೋಗದಲ್ಲಿ ಭಾರತದ ಮಾರುಕಟ್ಟೆಗೆ ತಂದ ಗಾಡಿ. ಎಂಜಿನ್ 98 ಸಿಸಿ, ಶಕ್ತಿ 11 ಅಶ್ವಶಕ್ತಿ, ನಾಲ್ಕು ಗೇರು, ಎರಡೂ ಚಕ್ರಕ್ಕೆ ಡ್ರಮ್ ಬ್ರೇಕು. ತೂಕ ಸುಮಾರು ನೂರು ಕಿಲೋ ಅಷ್ಟೇ. ಇದರಂಥ ಎರಡು ಹೊಡೆತದ (ಟೂ ಸ್ಟ್ರೋಕ್) ಎಂಜಿನ್ನಿನಲ್ಲಿ ಪಿಸ್ಟನ್ ಒಂದು ಸಲ ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ಒಂದು ಸಿಡಿತ ಮುಗಿದಿರುತ್ತದೆ. ನಾಲ್ಕು ಹೊಡೆತದ ಎಂಜಿನ್ನಿಗೆ ಅದಕ್ಕೆ ಎರಡು ಸುತ್ತು ಬೇಕು. ಅದರ ಮೇಲೆ ಈ ಗಾಡಿಯಲ್ಲಿ ಪೆಟ್ರೋಲು-ಗಾಳಿ ಒಳಗೆ ಹೋಗುವ ಬಾಯಲ್ಲಿ ಒಂದು ತೆಳು ನಾಲಗೆ ಇದೆ, ರೀಡ್ ವಾಲ್ವ್. ಒಳಗೆ ಎಳೆತ ಬಂದಾಗ ತೆರೆದುಕೊಳ್ಳುತ್ತದೆ, ಹಿಂದಕ್ಕೆ ತಳ್ಳಿದಾಗ ಪಟ್ಟನೆ ಮುಚ್ಚಿಕೊಳ್ಳುತ್ತದೆ. ರೀಡ್ ಆರ್ಗನ್ನಿನಿಂದ ಶುರುವಾದ ಮನೆಯವರು ಬೈಕಿಗೂ ಗಾಳಿಗೆ ಅದುರುವ ನಾಲಗೆಯನ್ನೇ ಇಟ್ಟರು ಎಂದು ನೆನೆದಾಗಲೆಲ್ಲ ನನಗೆ ರೋಮಾಂಚನ. ಇನ್ನು ಸೈಲೆನ್ಸರಿನ ಕೊಳವೆ ನಡುವೆ ಉಬ್ಬಿ ಕೊನೆಗೆ ಸಪುರವಾಗುತ್ತದೆ. ಹೊರಗೆ ಹೋದ ಹೊಗೆಯ ಅಲೆ ಅಲ್ಲಿ ಡಿಕ್ಕಿ ಹೊಡೆದು ಹಿಂದಿರುಗಿ, ಸುಡದೆ ಜಾರಿಹೋಗುತ್ತಿದ್ದ ಪೆಟ್ರೋಲನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಘಾಟಿಯ ತಿರುವಿನಲ್ಲಿ ಆಕ್ಸಲರೇಟರ್ ತಿರುವಿದಾಗ ಬರುವ ಆ ಟಣಟಣ ಸದ್ದು ಇದೆಲ್ಲದರ ಫಲ.

ಆ ಗಾಡಿ 1996ಕ್ಕೆ ನಿಂತುಹೋಯಿತು. ಹೊಗೆಯ ನಿಯಮ ಬಿಗಿಯಾದ ವರ್ಷ ಅದು, ಎರಡು ಹೊಡೆತದ ಎಂಜಿನ್ನುಗಳ ಕಾಲ ಮುಗಿಯುತ್ತ ಬಂದಿತ್ತು. ಎಲ್‌ಎಫ್‌ಎ ನಿಂತದ್ದು ಎಣಿಕೆ ಮುಗಿದು, ಆರ್‌ಎಕ್ಸ್ ನಿಂತದ್ದು ಕಾನೂನು ಬಂದು. ಪರಿಣಾಮ ಮಾತ್ರ ಒಂದೇ, ಇನ್ನು ಹೊಸದು ಬರುವುದಿಲ್ಲ. ಒಂದು ಕಾಲಕ್ಕೆ ಕೆಲವು ಸಾವಿರಕ್ಕೆ ಕೊಟ್ಟು ಕೈತೊಳೆದುಕೊಂಡ ಗಾಡಿ ಇದು. ಇಂದು ಒಳ್ಳೆಯ ಸ್ಥಿತಿಯಲ್ಲಿದ್ದು ಪೇಪರು ಸರಿಯಿದ್ದರೆ ಲಕ್ಷ ದಾಟುತ್ತದೆ, ಹೊಸ ಬೈಕಿನ ಬೆಲೆಯನ್ನೇ ಮೀರುತ್ತದೆ! ಮೂಲ ಬೆಲೆಯ ಎಷ್ಟು ಪಟ್ಟು ಎಂದು ನೋಡಿದರೆ ನಮ್ಮ ಬಡ ಆರ್‌ಎಕ್ಸ್ ಕೋಟ್ಯಧಿಪತಿಗಳ ಎಲ್‌ಎಫ್‌ಎಯನ್ನು ಹಿಂದಿಕ್ಕಿದೆ. ರೂಪಾಯಿಯ ಬೆಲೆ ಈ ಮೂವತ್ತು ನಲವತ್ತು ವರ್ಷಗಳಲ್ಲಿ ಕರಗಿರುವುದನ್ನು ಕಳೆದ ಮೇಲೂ ಇದು ಸಣ್ಣ ಮಾತಲ್ಲ. ಕಾಲಕ್ರಮದಲ್ಲಿ ಬೆಲೆ ಕಳೆದುಕೊಂಡು ಗುಜರಿಗೆ ಹೋಗುವುದೇ ಬೈಕಿನ ಜಾತಕವಾಗಿರುವಾಗ ಇದೊಂದು ಆ ಜಾತಕವನ್ನೇ ಹರಿದು ಎಸೆದಿದೆ.

ಕೊಳ್ಳುವವರು ನೋಡುವುದೂ ಎರಡು ಕಡೆ ಒಂದೇ. ಪೆಬಲ್ ಬೀಚಿನಲ್ಲಿ ತಜ್ಞರು ಕನ್ನಡಕ ಸರಿಪಡಿಸಿಕೊಂಡು ಮೈಮೇಲಿನ ಸಂಖ್ಯೆಯೂ ಎಂಜಿನ್ನಿನ ಸಂಖ್ಯೆಯೂ ದಾಖಲೆಗೆ ತಾಳೆಯಾಗುತ್ತವೆಯೇ ಎಂದು ನೋಡುತ್ತಾರೆ. ಇಲ್ಲಿ ಮೆಕ್ಯಾನಿಕ್ಕು ಬಟ್ಟೆಯಿಂದ ಎಣ್ಣೆ ಒರೆಸಿ, ಚೇಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ತೀಡಿ ಅಚ್ಚು ತೆಗೆದು, ಆರ್‌ಸಿ ಬುಕ್ಕಿನ ಪಕ್ಕ ಹಿಡಿಯುತ್ತಾನೆ. ಅಲ್ಲಿ ಕಾರ್ಬನ್ ಮೈಗೆ ಪೆಟ್ಟು ಬಿದ್ದಿದೆಯೇ, ಬಿದ್ದಿದ್ದರೆ ಬೆಲೆ ಕುಸಿತ. ಇಲ್ಲಿ ಚೇಸಿಸ್ ಬೆಸುಗೆ ಕಂಡಿದೆಯೇ, ಸಿಲಿಂಡರಿಗೆ ಎಷ್ಟು ಸಲ ಬೋರ್ ಹಾಕಿಸಿದ್ದಾರೆ, ಕಾರ್ಬುರೇಟರ್ ಕಂಪನಿಯದೇ, ಸೈಲೆನ್ಸರ್ ಕಂಪನಿಯದೇ. ಜಪಾನಿನ ಮುದ್ರೆಯಿರುವ ಹಳೆಯ ಬಿಡಿಭಾಗ ಕಂಡರೆ ಕಣ್ಣರಳುತ್ತದೆ. ಹೊಸ ಬಣ್ಣ ಬಳಿದು ಫಳಫಳ ಹೊಳೆಯುವ ಗಾಡಿಗಿಂತ, ಮಾಸಿದ್ದರೂ ಹುಟ್ಟಿದಾಗಿನ ಬಣ್ಣವನ್ನೇ ಉಟ್ಟಿರುವ ಗಾಡಿಯನ್ನು ಬಲ್ಲವರು ಹಿಡಿದುಕೊಳ್ಳುತ್ತಾರೆ. ಅದೇ ಸರಿ ಎಂದು ನನ್ನ ಮನಸ್ಸೂ ಹೇಳುತ್ತದೆ. ಬಣ್ಣವನ್ನು ಎಷ್ಟು ಸಲ ಬೇಕಾದರೂ ಬಳಿಯಬಹುದು, ಕಾರ್ಖಾನೆಯ ಬಣ್ಣ ಮಾತ್ರ ಒಂದೇ ಸಲ.

ಗಡಿಯೂರಿನವರಾದ ನಮಗೆ ಇನ್ನೊಂದು ಲೆಕ್ಕ ಇದೆ. ಪಾಲಾರಿನಾಚೆ ಕೆಎ 10ರ ಗಾಡಿ, ಈಚೆ ಸೇಲಂ, ಧರ್ಮಪುರಿಯ ಟಿಎನ್ ಗಾಡಿ. ಒಂದೇ ಮಾತು ಆಡುವ ನೆಂಟರ ನಡುವೆ ಮಾರಾಟವಾದರೂ ಗಾಡಿ ರಾಜ್ಯ ಬದಲಿಸಿದರೆ ಫಾರಂ 28ರಲ್ಲಿ ಎನ್‌ಒಸಿ ತರಬೇಕು, 29 ಮತ್ತು 30ರಲ್ಲಿ ಹೆಸರು ಬದಲಾಗಬೇಕು, ಹೊಸ ರಾಜ್ಯದಲ್ಲಿ ಫಾರಂ 27 ಹಾಕಿ ಹೊಸ ನಂಬರು ಪಡೆಯಬೇಕು, ಅಲ್ಲಿನ ತೆರಿಗೆ ಕಟ್ಟಬೇಕು. ಮೂಲ ಮಾಲೀಕರು ತೀರಿಕೊಂಡಿದ್ದರೆ, ಆರ್‌ಸಿ ಕಳೆದಿದ್ದರೆ, ಹಳೆಯ ಸಾಲದ ನಮೂದು ಅಳಿಸದೆ ಉಳಿದಿದ್ದರೆ, ಎಷ್ಟೇ ಚೆಂದದ ಗಾಡಿಯೂ ಬೆಲೆ ಕಳೆದುಕೊಳ್ಳುತ್ತದೆ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಬೇರೆ. 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಇಪ್ಪತ್ತು ವರ್ಷ ಮೀರಿದ ಬೈಕಿನ ನವೀಕರಣ ಶುಲ್ಕವನ್ನು 2,000 ರೂಪಾಯಿಗೆ, ಕಾರಿನದನ್ನು 10,000 ರೂಪಾಯಿಗೆ ಏರಿಸಿತು. ಈ ಎಲ್ಲ ಬಾಗಿಲು ದಾಟಿ ಬಂದ ಆರ್‌ಎಕ್ಸ್‌ಗಳೇ ಉಳಿಯುತ್ತವೆ, ಅಷ್ಟಕ್ಕಷ್ಟು ಅಪರೂಪವಾಗುತ್ತವೆ. ಆದ್ದರಿಂದ ಮನೆಯ ಹಿಂದೆ ಹಲಗೆಗೆ ಒರಗಿಸಿಟ್ಟ ಆರ್‌ಎಕ್ಸ್ ಇರುವವರಿಗೆ ನನ್ನ ಕಳಕಳಿಯ ಮಾತು: ಎಂಜಿನ್ನಿಗಿಂತ ಮೊದಲು ಕಾಗದ ಎಬ್ಬಿಸಿ. ಜಾಮಾದ ಪಿಸ್ಟನ್ ಒಂದು ವಾರದಲ್ಲಿ ಬಿಡಿಸಬಹುದು, ಸತ್ತ ಪೇಪರು ಬದುಕಿಸಲು ವರ್ಷ ಹಿಡಿಯುತ್ತದೆ.

ಮುಂದೇನು? ಇಂಥ ಗಾಡಿಗಳಿಗೆ ದುಡ್ಡು ಸುರಿಯುವವರು ಯಾರು ಎಂದು ನೋಡಿದರೆ ಮುಂದಿನ ದಾರಿ ಅರ್ಧ ಕಾಣುತ್ತದೆ. ಹದಿನೈದನೇ ವಯಸ್ಸಿನಲ್ಲಿ ಆಸೆಪಟ್ಟದ್ದನ್ನು ಜನ ನಲವತ್ತೈದರ ನಂತರ, ಕೈಯಲ್ಲಿ ಕಾಸು ಆಡತೊಡಗಿದ ಮೇಲೆ ಕೊಳ್ಳುತ್ತಾರೆ. 1990ರಲ್ಲಿ ಆರ್‌ಎಕ್ಸ್ ಹಿಂದೆ ಕಣ್ಣು ಹಾಯಿಸಿದ ಹುಡುಗರಿಗೆ ಈಗ ಐವತ್ತು. ಬೇಡಿಕೆ ಕುದಿಯುತ್ತಿರುವುದು ಅದಕ್ಕೇ. ಆ ತಲೆಮಾರು ದಾಟಿದ ಮೇಲೆ ಬೆಲೆ ತಣ್ಣಗಾಗುತ್ತದೆಯೇ ಎಂಬ ಅಂಜಿಕೆ ನ್ಯಾಯವಾದದ್ದು, ಎಷ್ಟೋ ಹಳೆಯ ಕಾರುಗಳಿಗೆ ಹಾಗಾಗಿದೆ. ಆದರೆ ನಮ್ಮೂರ ರಸ್ತೆಯಲ್ಲಿ ಆರ್‌ಎಕ್ಸ್ ಏರಿ ಹೋಗುವವರಲ್ಲಿ ಅದು ನಿಂತ ಮೇಲೆ ಹುಟ್ಟಿದ ಹುಡುಗರೇ ಹೆಚ್ಚು ಕಾಣುತ್ತಾರೆ! ಅಪ್ಪನ ಆಸೆ ಮಗನ ಕಿವಿಗೆ ಇಳಿದಿದೆ. ಎಲ್‌ಎಫ್‌ಎ ಕೂಡ ಹಾಗೆಯೇ. ಅದು ಬಂದಾಗ ಶಾಲೆಯಲ್ಲಿದ್ದು, ವಿಡಿಯೋ ಆಟಗಳಲ್ಲಿ ಅದನ್ನು ಓಡಿಸಿದ ಮಕ್ಕಳು ಇನ್ನೂ ಮೂವತ್ತರ ಆಸುಪಾಸಿನಲ್ಲಿದ್ದಾರೆ, ಅವರ ಕೊಳ್ಳುವ ಕಾಲ ಬಂದೇ ಇಲ್ಲ. 2021-22ರಲ್ಲಿ ಜಗತ್ತಿನ ಹಳೆ ಕಾರಿನ ಪೇಟೆ ನೆತ್ತಿ ಮುಟ್ಟಿ ಆಮೇಲೆ ಒಂದಿಷ್ಟು ಇಳಿದದ್ದು ನಿಜ. ಆ ಇಳಿಕೆ ಬರುವ ವರ್ಷಗಳಲ್ಲೂ ಬಂದೀತು, ಹೋದೀತು. ಆದರೆ 500ರಲ್ಲಿ ಒಂದೊಂದು ಅಪಘಾತದಲ್ಲಿ ಕಳೆದಾಗಲೂ ಉಳಿದವುಗಳ ಬೆಲೆಯ ಕಟ್ಟೆ ಎತ್ತರವಾಗುತ್ತದೆ. ಅದು ಕುಸಿದುಬೀಳುತ್ತದೆ ಎಂದು ನನಗೆ ಅನಿಸುವುದಿಲ್ಲ.

ಅದಕ್ಕೆ ಇನ್ನೊಂದು ಗಟ್ಟಿ ಕಾರಣವೂ ಸಿಕ್ಕಿದೆ. 2025ರ ಡಿಸೆಂಬರಿನಲ್ಲಿ ಲೆಕ್ಸಸ್ ಎಲ್‌ಎಫ್‌ಎ ಹೆಸರನ್ನೇ ಹೊತ್ತ ಹೊಸ ಕಾರಿನ ಮಾದರಿಯನ್ನು ತೋರಿಸಿತು. ಅದು ಪೂರ್ತಿ ವಿದ್ಯುತ್ ಕಾರು! ಹೆಸರು ಮರಳಿತು, ಕೊರಳು ಮರಳಲಿಲ್ಲ. ಹಳೆಯ ಎಲ್‌ಎಫ್‌ಎ ಇಟ್ಟುಕೊಂಡವರಿಗೆ ಇದಕ್ಕಿಂತ ಬಲವಾದ ಭರವಸೆಯನ್ನು ಕಂಪನಿಯೂ ಕೊಡಲಾರದು.

ಭಾರತದ ನೆಲಕ್ಕೆ ಆ ಹಳೆಯ ಕಾರು ಬಂದೀತೇ? ಬಳಸಿದ ಕಾರನ್ನು ತರುವುದಾದರೆ ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು ಎಂಬುದು ನಮ್ಮ ನಿಯಮ, ಎಲ್‌ಎಫ್‌ಎಗೆ ಆ ಬಾಗಿಲು ಎಂದೋ ಮುಚ್ಚಿದೆ. ಇನ್ನೊಂದು ಬಾಗಿಲು 2025ರ ಫೆಬ್ರವರಿಯಲ್ಲಿ ತೆರೆಯಿತು. ಐವತ್ತು ವರ್ಷ ತುಂಬಿದ ವಾಹನಗಳನ್ನು ಪರವಾನಗಿ ಇಲ್ಲದೆಯೇ ತರಬಹುದು, ಸುಂಕ ಕಟ್ಟಿ. ನಿಯಮ ಹೀಗೇ ಉಳಿದರೆ ಕೊನೆಯ ಎಲ್‌ಎಫ್‌ಎ ಆ ಹೊಸ್ತಿಲು ಮುಟ್ಟುವುದು 2062ರಲ್ಲಿ. ಇಂದು ಕೊಳತ್ತೂರಿನಲ್ಲಿ ತೊಟ್ಟಿಲಲ್ಲಿರುವ ಮಗುವಿಗೆ ಆಗ ದುಡ್ಡು ಕಾಸು ಕೂಡಿಬರುವ ವಯಸ್ಸು!

ಆರ್‌ಎಕ್ಸ್ ಅಷ್ಟು ಕಾಯಬೇಕಿಲ್ಲ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಐವತ್ತು ದಾಟಿದ, ಮೂಲ ರೂಪ ಕೆಡದ ವಾಹನಕ್ಕೆ ವಿಂಟೇಜ್ ಎಂಬ ನೋಂದಣಿ ಸಿಗುತ್ತದೆ, ನಂಬರಿನಲ್ಲಿ ರಾಜ್ಯದ ಅಕ್ಷರಗಳ ಪಕ್ಕ ವಿಎ ಎಂಬ ಅಕ್ಷರಗಳು ಕೂರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ನಂತರದ ನವೀಕರಣಕ್ಕೆ 5,000. ಆ ನಂಬರು ಪಡೆದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ ಮಾತ್ರ. 1985ರ ಮೊದಲ ಆರ್‌ಎಕ್ಸ್‌ಗಳಿಗೆ ಐವತ್ತು ತುಂಬುವುದು 2035ರಲ್ಲಿ. ಅಂದರೆ ಇನ್ನು ಕೆಲವೇ ವರ್ಷಗಳಲ್ಲಿ ಆ ಮಾಲೀಕರು ಎರಡು ದಾರಿ ಕೂಡುವಲ್ಲಿ ನಿಲ್ಲುತ್ತಾರೆ: ವಿಎ ಫಲಕ ಹಾಕಿಸಿ ಗಾಡಿಯನ್ನು ಸಂಗ್ರಹದ ವಸ್ತುವಾಗಿಸಿ ಬೆಲೆ ಏರಿಸಿಕೊಳ್ಳುವುದು, ಇಲ್ಲವೇ ಹಳೆಯ ನಂಬರಿನಲ್ಲೇ ನವೀಕರಣದ ಶುಲ್ಕ ತೆತ್ತು ಘಾಟಿ ಹತ್ತಿಸುವುದು. ಪೇಟೆಯ ಲೆಕ್ಕ ಮೊದಲನೆಯ ದಾರಿಯನ್ನು ತೋರಿಸುತ್ತದೆ. ನನ್ನ ಕೈಯಲ್ಲಿ ಒಂದು ಇದ್ದಿದ್ದರೆ ನಾನು ಎರಡನೆಯದನ್ನು ಹಿಡಿದು, ಪಾಲಾರ್ ದಾಟಿ, ಮಾದಪ್ಪನ ಬೆಟ್ಟದ ಮೊದಲ ತಿರುವಿನಲ್ಲಿ ಎರಡನೇ ಗೇರಿಗೆ ಇಳಿಸುತ್ತಿದ್ದೆ.